ಎರಡು ಮಳೆ ಕಡತಗಳು ತಾಳೆಯಾಗದಿದ್ದಾಗ: ಕಮಾಂಡ್ ಲೈನಿನಲ್ಲಿ ದೋಷ ಹುಡುಕುವ ಕ್ರಮ

2024ನೇ ವರ್ಷದ ದೈನಿಕ ಮಳೆಯ ಎರಡು ಕಡತಗಳು ನಮ್ಮಲ್ಲಿದ್ದವು. ಒಂದನ್ನು ಕಾರವಾರದಲ್ಲಿ ನಾನು ಸಿದ್ಧಪಡಿಸಿದ್ದೆ, ಇನ್ನೊಂದನ್ನು ಶಿರಸಿಯಲ್ಲಿರುವ ನನ್ನ ಸಹೋದ್ಯೋಗಿ ಸಿದ್ಧಪಡಿಸಿದ್ದರು. ಎರಡಕ್ಕೂ ಮೂಲ ಒಂದೇ, ಭಾರತ ಹವಾಮಾನ ಇಲಾಖೆಯು ಕಾಲು ಡಿಗ್ರಿ ಅಂತರದ ಗ್ರಿಡ್‌ನಲ್ಲಿ, ಅಂದರೆ ಅಕ್ಷಾಂಶ ರೇಖಾಂಶಗಳ ಚೌಕಳಿಯ ಬಿಂದುಗಳಲ್ಲಿ, ಕೊಡುವ ಮಳೆ ದತ್ತಾಂಶ. ನಾನು ಇಲಾಖೆಯ ಬೈನರಿ ಕಡತವನ್ನು ಸ್ಕ್ರಿಪ್ಟ್ ಮೂಲಕ, ಹವಾಮಾನ ದತ್ತಾಂಶವನ್ನು ವಿವರಣೆ ಸಮೇತ ಇಡುವ ನೆಟ್‌ಸಿಡಿಎಫ್ ರೂಪಕ್ಕೆ ತಂದಿದ್ದೆ. ಅವರು ತಮ್ಮದೇ ಬೇರೆ ಸ್ಕ್ರಿಪ್ಟ್ ಬಳಸಿದ್ದರು. ಎರಡೂ ಒಂದೇ ಆಗಿರಬೇಕಿತ್ತು. ಆದರೆ ಹೋಲಿಸುವ ಸಾಧನ ಮೊದಲು ಕಡತವನ್ನೇ ತೆರೆಯಲಾಗದು ಎಂದಿತು, ಆಮೇಲೆ ಎಲ್ಲವೂ ಬೇರೆ ಎಂದಿತು, ಕೊನೆಗೆ ಯಾವ ವ್ಯತ್ಯಾಸವೂ ಇಲ್ಲ ಎಂದಿತು. ಈ ಮೂರರಲ್ಲಿ ನಮ್ಮನ್ನು ನಿಜವಾಗಿ ದಾರಿ ತಪ್ಪಿಸಿದ್ದು ಮೂರನೆಯದು.

ಈ ತಾಳೆ ಏಕೆ ಅಷ್ಟು ಮುಖ್ಯವಾಗಿತ್ತು ಎಂಬುದನ್ನು ಮೊದಲೇ ಹೇಳಬೇಕು. ಆ ವರ್ಷದ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅದಕ್ಕೆ ಮುಂಚಿನ ದಿನಗಳಲ್ಲಿ ಯಾವ ದಿನ ಎಲ್ಲಿ ಎಷ್ಟು ಮಳೆಯಾಯಿತು ಎಂದು ನೋಡುವವರ ಕೈಗೆ ಹೋಗುವ ಕಡತದಲ್ಲಿ ಒಂದು ದಿನ ಅತ್ತಿತ್ತ ಆದರೂ ಅದು ಸಣ್ಣ ತಪ್ಪಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆ ಎಂದರೆ ಆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ಆದ್ದರಿಂದ ಜುಲೈ 16 ಎಂಬ ದಿನಾಂಕದ ಕೆಳಗೆ ಇರುವುದು ಬಹುಪಾಲು 15ರಂದು ಹಗಲಿನಲ್ಲೂ ಆ ರಾತ್ರಿಯಲ್ಲೂ ಸುರಿದ ಮಳೆಯೇ. ಈ ರೂಢಿ ಗೊತ್ತಿಲ್ಲದವರು ಮೊದಲೇ ಒಂದು ದಿನದ ಗೊಂದಲಕ್ಕೆ ಸಿಲುಕುತ್ತಾರೆ. ಕಡತವೇ ಅದಕ್ಕೆ ಇನ್ನೊಂದು ದಿನ ಸೇರಿಸಿದರೆ ಸರಿಪಡಿಸುವವರು ಯಾರೂ ಇರುವುದಿಲ್ಲ.

ಮೂಲ ಕಡತದ ಗಾತ್ರವನ್ನು ಮೊದಲು ಎಣಿಸಿರಿ

ಇಲಾಖೆಯ ಬೈನರಿ ಕಡತದಲ್ಲಿ ಹೆಡರ್, ಅಂದರೆ ಒಳಗೇನಿದೆ ಎಂದು ತಿಳಿಸುವ ಆರಂಭದ ಭಾಗ, ಇರುವುದಿಲ್ಲ. ಬರೀ ಸಂಖ್ಯೆಗಳು ಸಾಲಾಗಿ ಇರುತ್ತವೆ. ಗ್ರಿಡ್ 66.5ರಿಂದ 100 ಡಿಗ್ರಿ ಪೂರ್ವ ರೇಖಾಂಶದವರೆಗೆ 135 ಬಿಂದುಗಳು, 6.5ರಿಂದ 38.5 ಡಿಗ್ರಿ ಉತ್ತರ ಅಕ್ಷಾಂಶದವರೆಗೆ 129 ಬಿಂದುಗಳು. ಒಂದು ದಿನಕ್ಕೆ 17,415 ಬೆಲೆಗಳು (ಒಂದೊಂದು ಬಿಂದುವಿನ ಮಳೆಯ ಸಂಖ್ಯೆಗಳು), ಪ್ರತಿ ಬೆಲೆಗೆ 4 ಬೈಟ್. ಅಧಿಕ ವರ್ಷವಾದ 2024ರ ಕಡತ ನಿಖರವಾಗಿ 2,54,95,560 ಬೈಟ್ ಇರಬೇಕು. ಸಾಮಾನ್ಯ ವರ್ಷದ್ದಾದರೆ 2,54,25,900. ಟರ್ಮಿನಲ್‌ನಲ್ಲಿ ಗಾತ್ರ ನೋಡಲು ಕ್ಷಣ ಸಾಕು. ಡೌನ್‌ಲೋಡ್ ನಡುವೆ ನಿಂತುಹೋದ ಕಡತವಾಗಲಿ, ಫೆಬ್ರುವರಿ 29 ಬಿಟ್ಟುಹೋದ ಕಡತವಾಗಲಿ ಇಲ್ಲಿಯೇ ಸಿಕ್ಕಿಬೀಳುತ್ತದೆ. ನಮ್ಮ ಎರಡೂ ಮೂಲಗಳ ಗಾತ್ರ ಸರಿಯಿತ್ತು, ಎರಡರ ಎಂಡಿ5 ಮೊತ್ತವೂ (ಕಡತದ ಬೈಟ್‌ಗಳಿಂದ ಲೆಕ್ಕಹಾಕುವ ಗುರುತು) ಒಂದೇ ಬಂತು. ಹಾಗಾಗಿ ದೋಷ ಮೂಲದಲ್ಲಿಲ್ಲ, ಪರಿವರ್ತನೆಯಲ್ಲಿದೆ ಎಂದು ತೀರ್ಮಾನಿಸಿದೆವು.

ಪರಿವರ್ತನೆಯಾದ ಕಡತಗಳ ಮೇಲೆ ಎಂಡಿ5 ಪ್ರಯೋಗಿಸಿ ಗಾಬರಿಯಾಗುವುದು ಬೇಡ. ನೆಟ್‌ಸಿಡಿಎಫ್ ಕಡತಗಳನ್ನು ಸಂಸ್ಕರಿಸುವ ಸಿಡಿಒ ಮತ್ತು ಎನ್‌ಸಿಒ ಸಾಧನಗಳು ತಾವು ಮಾಡಿದ ಕೆಲಸವನ್ನು, ಸಮಯದ ಸಮೇತ, ಕಡತದ ಹಿಸ್ಟರಿ ಎಂಬ ಆಟ್ರಿಬ್ಯೂಟ್‌ನಲ್ಲಿ (ಬೆಲೆಗಳ ಜೊತೆಗಿರುವ ವಿವರಣೆಯ ಟಿಪ್ಪಣಿಯಲ್ಲಿ) ಬರೆದಿಡುತ್ತವೆ. ಅದೇ ಕಮಾಂಡನ್ನು ಐದು ನಿಮಿಷ ಬಿಟ್ಟು ಮತ್ತೆ ಓಡಿಸಿದರೂ ಬೈಟ್‌ಗಳು ಬದಲಾಗುತ್ತವೆ. ಗಾತ್ರ ಕುಗ್ಗಿಸಿ ಉಳಿಸುವ ಮಟ್ಟ, ಒಳಗಿನ ತುಂಡುಗಳ ಗಾತ್ರ, ಲೈಬ್ರರಿಯ ಆವೃತ್ತಿ ಇವುಗಳಿಂದಲೂ ಬೈಟ್‌ಗಳು ಬದಲಾಗಬಹುದು, ಮಳೆಯ ಒಂದು ಹನಿಯೂ ಬದಲಾಗದೆ.

ಲಕ್ಷಣ ಒಂದು: ಕಡತ ತೆರೆಯುವುದಿಲ್ಲ

ಎಚ್‌ಫೈವ್‌ಡಿಫ್ ಎಂಬುದು ಎಚ್‌ಡಿಎಫ್5 ಎಂಬ ದತ್ತಾಂಶ ರೂಪದ ಕಡತಗಳನ್ನು ಹೋಲಿಸುವ ಸಾಧನ. ನೆಟ್‌ಸಿಡಿಎಫ್‌ನ ನಾಲ್ಕನೆಯ ಆವೃತ್ತಿಯ ಕಡತಗಳು ಒಳಗೆ ಎಚ್‌ಡಿಎಫ್5 ಆಗಿರುವುದರಿಂದ ಅವನ್ನೂ ಅದು ಓದುತ್ತದೆ. ಹಳೆಯ ಕ್ಲಾಸಿಕ್ ರೂಪದ ನೆಟ್‌ಸಿಡಿಎಫ್ ಬೇರೆಯೇ ರಚನೆ. ಅದನ್ನು ಎಚ್‌ಫೈವ್‌ಡಿಫ್ ತೆರೆಯಲಾರದು. ಎರಡರ ಹೆಸರಿನ ಕೊನೆಯಲ್ಲಿ ಇರುವುದು ಅದೇ ಎರಡಕ್ಷರದ ಬಾಲ, ಆದ್ದರಿಂದ ಹೆಸರು ನೋಡಿ ತಿಳಿಯುವುದಿಲ್ಲ. ನೆಟ್‌ಸಿಡಿಎಫ್ ಕಡತದ ಒಳಗನ್ನು ಪಠ್ಯವಾಗಿ ತೋರಿಸುವ ಎನ್‌ಸಿಡಂಪ್‌ಗೆ ಹೈಫನ್ ಕೆ ಆಯ್ಕೆ ಕೊಟ್ಟರೆ ಕಡತ ಯಾವ ಬಗೆಯದು ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ಶಿರಸಿಯ ಕಡತ ಕ್ಲಾಸಿಕ್, ನನ್ನದು ನೆಟ್‌ಸಿಡಿಎಫ್-4. ಎನ್‌ಸಿಕಾಪಿ ಸಾಧನದಿಂದ ಒಂದನ್ನು ಇನ್ನೊಂದರ ರೂಪಕ್ಕೆ ತಂದರೆ ಈ ತೊಂದರೆ ಮುಗಿಯಿತು. ನೆಟ್‌ಸಿಡಿಎಫ್ ಕಡತಗಳನ್ನು ಹೋಲಿಸುವ ಎನ್‌ಸಿಸಿಎಂಪಿ ಅಥವಾ ಸಿಡಿಒ ಬಳಸುವವರಿಗೆ ಇದರ ಅಗತ್ಯವೇ ಇಲ್ಲ, ಅವು ಎರಡೂ ಬಗೆಯನ್ನು ಓದಬಲ್ಲವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಚ್‌ಫೈವ್‌ಡಿಫ್ ಕೆಲಸ ಮುಗಿಸುವಾಗ ವ್ಯತ್ಯಾಸ ಸಿಗದಿದ್ದರೆ 0, ಸಿಕ್ಕರೆ 1, ತಾನೇ ಎಡವಿದರೆ 2 ಎಂಬ ಎಕ್ಸಿಟ್ ಕೋಡ್ (ಫಲಿತಾಂಶ ತಿಳಿಸುವ ಸಂಖ್ಯೆ) ಕೊಡುತ್ತದೆ. ಸ್ಕ್ರಿಪ್ಟ್ ಬರೆಯುವಾಗ ಸೊನ್ನೆಯಲ್ಲದ್ದೆಲ್ಲವನ್ನೂ ‘ಕಡತಗಳು ಬೇರೆ’ ಎಂದು ಓದಿಕೊಂಡರೆ, ಹೋಲಿಕೆಯೇ ನಡೆಯದ ಸಂಗತಿ ಮುಚ್ಚಿಹೋಗುತ್ತದೆ. ನಮ್ಮ ಮೊದಲ ಸ್ಕ್ರಿಪ್ಟ್ ಹೀಗೆಯೇ ಬರೆದದ್ದಾಗಿತ್ತು. ಕಡತಗಳು ಬೇರೆ ಎಂಬ ಅದರ ಮಾತನ್ನು ನಂಬಿ ಶಿರಸಿಯವರು ಒಂದು ಮಧ್ಯಾಹ್ನವಿಡೀ ಬೆಲೆಗಳಲ್ಲಿ ತಪ್ಪು ಹುಡುಕಿದರು. ಇದರ ಜೊತೆಗೆ, ಕೆಲವು ಅಂಶಗಳನ್ನು ಹೋಲಿಸಲು ಸಾಧ್ಯವಾಗಲಿಲ್ಲ ಎಂಬ ಸಾಲು ಪರದೆಯ ಕೊನೆಯಲ್ಲಿ ಬಂದರೆ ಅದನ್ನು ಕೋಡ್‌ಗಿಂತ ಹೆಚ್ಚು ಗಂಭೀರವಾಗಿ ಎಣಿಸಬೇಕು. ಎರಡು ಕಡತಗಳಲ್ಲಿ ಒಂದೇ ಹೆಸರಿನ ವೇರಿಯೇಬಲ್‌ನ (ಮಳೆ, ಕಾಲ ಮುಂತಾದ ಬೆಲೆಗಳ ಗುಂಪಿನ) ಅಳತೆ ಬೇರೆಯಾಗಿದ್ದಾಗ ಆ ಸಾಲು ಬರುತ್ತದೆ. ಹೈಫನ್ ಸಿ ಆಯ್ಕೆ ಕೊಟ್ಟರೆ ಯಾವ ಅಂಶಗಳೆಂಬ ಪಟ್ಟಿ ಸಿಗುತ್ತದೆ.

ಲಕ್ಷಣ ಎರಡು: ಎಲ್ಲ ದಿನಗಳೂ ಬೇರೆ

ರೂಪ ಒಂದಾದ ಮೇಲೆ ಸಿಡಿಒದ ಡಿಫ್ ಕಮಾಂಡ್ ಓಡಿಸಿದಾಗ 366ರಲ್ಲಿ 366 ದಾಖಲೆಗಳೂ ಬೇರೆ ಎಂದು ಬಂತು. ಇಷ್ಟು ದೊಡ್ಡ ವ್ಯತ್ಯಾಸ ಕಂಡಾಗ ಬೆಲೆಗಳು ಕೆಟ್ಟಿವೆ ಎಂದು ಭಾವಿಸುವುದು ಸಹಜ, ಆದರೆ ನನ್ನ ಅನುಭವದಲ್ಲಿ ಬೆಲೆಗಳು ಕೆಟ್ಟಾಗ ವ್ಯತ್ಯಾಸ ಹೀಗೆ ಎಲ್ಲೆಡೆ ಹರಡಿರುವುದಿಲ್ಲ. ಎಲ್ಲ ದಿನವೂ, ಬಹುತೇಕ ಎಲ್ಲ ಕಡೆಯೂ ವ್ಯತ್ಯಾಸ ಬಂದರೆ ಮೊದಲು ಸಂದೇಹಿಸಬೇಕಾದದ್ದು ಜೋಡಣೆಯನ್ನು.

ಪ್ರತಿ ಕಡತಕ್ಕೂ ಬೇರೆಬೇರೆಯಾಗಿ ಸಿಡಿಒದ ಇನ್ಫೋಎನ್ ಕಮಾಂಡ್ ಓಡಿಸಿರಿ. ಅದು ಪ್ರತಿ ದಿನದ ಕನಿಷ್ಠ, ಸರಾಸರಿ, ಗರಿಷ್ಠ ಬೆಲೆಗಳನ್ನೂ ಬೆಲೆ ಇಲ್ಲದ ಬಿಂದುಗಳ ಸಂಖ್ಯೆಯನ್ನೂ ಕೊಡುತ್ತದೆ. ಬಿಂದುವಾರು ಹೋಲಿಕೆಯಲ್ಲಿ ಎಲ್ಲವೂ ಬೇರೆಯಾಗಿದ್ದು, ಗರಿಷ್ಠ ಮಾತ್ರ ಎರಡರಲ್ಲೂ ಒಂದೇ ಆಗಿದ್ದರೆ, ಅದೇ ಸಂಖ್ಯೆಗಳು ಬೇರೆ ಕ್ರಮದಲ್ಲಿ ಕುಳಿತಿವೆ ಎಂದೇ ಅರ್ಥ. ನಮ್ಮಲ್ಲಿ ಹಾಗೆಯೇ ಇತ್ತು. ಎನ್‌ಸಿಡಂಪ್‌ನ ಹೈಫನ್ ಸಿ ಆಯ್ಕೆಯಿಂದ ಅಕ್ಷಾಂಶಗಳ ಸಾಲನ್ನು ತೆರೆದು ನೋಡಿದರೆ, ನನ್ನ ಕಡತದಲ್ಲಿ ಅವು 6.5ರಿಂದ ಮೇಲಕ್ಕೆ ಏರುತ್ತಿದ್ದವು, ಶಿರಸಿಯ ಕಡತದಲ್ಲಿ 38.5ರಿಂದ ಕೆಳಗೆ ಇಳಿಯುತ್ತಿದ್ದವು. ಎರಡು ರೀತಿಯೂ ಸರಿಯೇ. ಆದರೆ ಹೋಲಿಸುವ ಸಾಧನ ಅಕ್ಷಾಂಶ ನೋಡಿ ಜೋಡಿಸುವುದಿಲ್ಲ, ಸಾಲಿನ ಸಂಖ್ಯೆ ನೋಡಿ ಜೋಡಿಸುತ್ತದೆ. ನನ್ನ ಕಡತದಲ್ಲಿ ಸೊನ್ನೆಯಿಂದ ಎಣಿಸಿದರೆ 32ನೆಯ ಸಾಲು 14.5 ಡಿಗ್ರಿ, ಶಿರಸಿಯ ಸೀಮೆ. ಆ ಇನ್ನೊಂದು ಕಡತದಲ್ಲಿ ಅದೇ 32ನೆಯ ಸಾಲು 30.5 ಡಿಗ್ರಿ, ಪಂಜಾಬಿನ ಫರೀದ್‌ಕೋಟ್ ಹತ್ತಿರದ ಬಯಲು. ಮಲೆನಾಡಿನ ಆಷಾಢದ ಮಳೆಯನ್ನು ಪಂಜಾಬಿನ ಮಳೆಯ ಎದುರು ಇಟ್ಟು, ತಾಳೆಯಾಗುತ್ತಿಲ್ಲ ಎಂದು ಸಾಧನ ಹೇಳಿದ್ದರಲ್ಲಿ ಅದರ ತಪ್ಪೇನೂ ಇರಲಿಲ್ಲ.

ಈ ದೋಷಕ್ಕೆ ಒಂದು ಸ್ಪಷ್ಟ ಗುರುತೂ ಇದೆ. 129 ಸಾಲುಗಳನ್ನು ತಲೆಕೆಳಗು ಮಾಡಿದಾಗ ನಟ್ಟನಡುವಿನ ಸಾಲು, ಅಂದರೆ 22.5 ಡಿಗ್ರಿಯದು, ತನ್ನ ಜಾಗದಲ್ಲೇ ಉಳಿಯುತ್ತದೆ. ಎಚ್‌ಫೈವ್‌ಡಿಫ್‌ಗೆ ಹೈಫನ್ ಆರ್ ಆಯ್ಕೆ ಕೊಟ್ಟು ವ್ಯತ್ಯಾಸವಿರುವ ಸ್ಥಾನಗಳನ್ನು ಒಂದು ಪಠ್ಯ ಕಡತಕ್ಕೆ ಇಳಿಸಿಕೊಂಡರೆ, ಬೆಲೆ ಇಲ್ಲದ ಬಿಂದುಗಳ ಗುರುತು ಎರಡರಲ್ಲೂ ಒಂದೇ ಆಗಿದ್ದಲ್ಲಿ, 64ನೆಯ ಸಾಲು ಎಂಬ ಸ್ಥಾನ ಅದರಲ್ಲಿ ಒಮ್ಮೆಯೂ ಬರುವುದಿಲ್ಲ. ವರ್ಷವಿಡೀ 63,73,890 ಬೆಲೆಗಳಿರುವ ಕಡತದಲ್ಲಿ ನಟ್ಟನಡುವಿನ ಸಾಲೇ ಪೂರ್ತಿ ತಾಳೆಯಾಗಿದ್ದರೆ ಅದು ಕಾಕತಾಳೀಯವಲ್ಲ. ಪಟ್ಟಿ ಬಹಳ ಉದ್ದವಾಗುವುದರಿಂದ ಮಳೆಗಾಲದ ಒಂದೆರಡು ದಿನಗಳನ್ನು ಮಾತ್ರ ಬೇರ್ಪಡಿಸಿಕೊಂಡು ಈ ಪರೀಕ್ಷೆ ಮಾಡುವುದು ಒಳ್ಳೆಯದು. ಬೇಸಿಗೆಯ ದಿನ ಆರಿಸಿದರೆ ಎರಡೂ ಕಡೆ ಸೊನ್ನೆಗಳೇ ಎದುರಾಗಿ ತಾಳೆಯಾದಂತೆ ಕಾಣುತ್ತದೆ.

ಪರಿಹಾರ ಸುಲಭ, ಸಿಡಿಒದ ಇನ್‌ವರ್ಟ್‌ಲ್ಯಾಟ್ ಕಮಾಂಡ್ ಸಾಲುಗಳನ್ನೂ ಅಕ್ಷಾಂಶಗಳನ್ನೂ ಒಟ್ಟಿಗೆ ತಿರುಗಿಸುತ್ತದೆ. ತಿರುಗಿಸಿದ ಮೇಲೆ ನಮ್ಮ ಕಣ್ಣಿಗೆ ಪರಿಚಿತವಾದ ಯಾವುದಾದರೂ ಜಾಗದಲ್ಲಿ ಬೆಲೆಯನ್ನು ನೋಡಲೇಬೇಕು. ಏಕೆಂದರೆ ಕೆಲವು ಸ್ಕ್ರಿಪ್ಟ್‌ಗಳು ಅಕ್ಷಾಂಶದ ಪಟ್ಟಿಯನ್ನು ಮಾತ್ರ ತಿರುಗಿಸಿ ಬೆಲೆಗಳನ್ನು ಹಾಗೆಯೇ ಬಿಟ್ಟಿರುತ್ತವೆ, ಆ ತಪ್ಪು ಇನ್‌ವರ್ಟ್‌ಲ್ಯಾಟ್‌ನಿಂದ ಸರಿಯಾಗುವುದಿಲ್ಲ. ಜುಲೈ ತಿಂಗಳ ಮೊತ್ತ ತೆಗೆದಾಗ ಕರಾವಳಿ ಮತ್ತು ಘಟ್ಟದ ಉದ್ದಕ್ಕೂ ಮಳೆಯ ಪಟ್ಟಿ ಎದ್ದು ಕಾಣದಿದ್ದರೆ ಬೆಲೆಗಳು ಅವುಗಳ ಊರಿನಲ್ಲಿಲ್ಲ.

ನಡುವೆ ಸಿಗುವ ಚಿಕ್ಕ ತೊಡಕುಗಳು

ಸಾಲುಗಳು ಸರಿಹೊಂದಿದ ಮೇಲೂ ಉಳಿದ ವ್ಯತ್ಯಾಸಗಳಲ್ಲಿ ಮೊದಲನೆಯದು ಬೆಲೆ ಇಲ್ಲದ ಬಿಂದುಗಳದ್ದು. ಇಲಾಖೆಯ ಕಡತದಲ್ಲಿ ಮಳೆಯ ಲೆಕ್ಕವಿಲ್ಲದ ಬಿಂದುವಿಗೆ ಋಣ 999 ಎಂದು ಬರೆದಿರುತ್ತದೆ. ನನ್ನ ಸ್ಕ್ರಿಪ್ಟ್ ಅದನ್ನು ಹಾಗೆಯೇ ಇಟ್ಟು, ಇದು ಬೆಲೆಯಲ್ಲ ಎಂಬ ಆಟ್ರಿಬ್ಯೂಟ್ ಸೇರಿಸಿತ್ತು; ಶಿರಸಿಯ ಸ್ಕ್ರಿಪ್ಟ್ ಅದರ ಜಾಗದಲ್ಲಿ ಸಂಖ್ಯೆಯಲ್ಲದ್ದು ಎಂಬ ಅರ್ಥದ ನ್ಯಾನ್ ಹಾಕಿತ್ತು. ನ್ಯಾನ್ ತನಗೆ ತಾನೇ ಸಮವಲ್ಲ ಎಂಬುದು ತೇಲುಬಿಂದು ಸಂಖ್ಯೆಗಳ (ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ರೂಪದ) ನಿಯಮ. ಎನ್‌ಸಿಸಿಎಂಪಿಯಲ್ಲಿ ದೊಡ್ಡಕ್ಷರದ ಎನ್ ಆಯ್ಕೆ ಎರಡು ನ್ಯಾನ್‌ಗಳನ್ನು ಸಮವೆಂದು ಎಣಿಸುತ್ತದೆ, ಆದರೆ ನ್ಯಾನ್ ಮತ್ತು ಋಣ 999 ಎದುರಾದರೆ ಅದೊಂದೇ ಸಾಲದು. ಎರಡನ್ನೂ ಒಂದೇ ಗುರುತಿಗೆ ತಂದು ಹೋಲಿಸುವುದೇ ಸ್ವಚ್ಛ ದಾರಿ, ಸಿಡಿಒದ ಸೆಟ್‌ಮಿಸ್‌ವ್ಯಾಲ್ ಮತ್ತು ಸೆಟ್‌ಸಿಟುಮಿಸ್ ಇರುವುದು ಇದಕ್ಕಾಗಿಯೇ. ಇನ್ಫೋಎನ್ ತೋರಿಸುವ ಕನಿಷ್ಠ ಮಳೆ ಋಣ 999 ಎಂದು ಬಂದರೆ, ಆ ಕಡತದಲ್ಲಿ ಆಟ್ರಿಬ್ಯೂಟ್ ಹಾಕಿಲ್ಲವೆಂದು ತಿಳಿಯಬೇಕು. ಅಂತಹ ಕಡತದಿಂದ ಸರಾಸರಿ ತೆಗೆಯಲೇಬಾರದು.

ಹದಿನಾರು ಬಿಟ್‌ನ ಪೂರ್ಣಾಂಕಗಳಾಗಿ ಕುಗ್ಗಿಸಿಟ್ಟ ಕಡತಗಳಲ್ಲಿ ನಿಜವಾದ ಬೆಲೆ ಪಡೆಯಲು ಗುಣಿಸಬೇಕಾದ ಗುಣಕವೂ ಕೂಡಿಸಬೇಕಾದ ಸೇರ್ಪಡೆಯೂ ಆಟ್ರಿಬ್ಯೂಟ್‌ಗಳಾಗಿ ಇರುತ್ತವೆ. ಎಚ್‌ಫೈವ್‌ಡಿಫ್ ಅವುಗಳ ಅರ್ಥ ತಿಳಿಯದೆ ಒಳಗಿನ ಪೂರ್ಣಾಂಕಗಳನ್ನೇ ಹೋಲಿಸುತ್ತದೆ, ಸಿಡಿಒ ಬಿಡಿಸಿ ಹೋಲಿಸುತ್ತದೆ. ಎರಡು ಸಾಧನಗಳ ಉತ್ತರ ಹೊಂದದಿದ್ದರೆ ಇದನ್ನು ನೆನೆಯಬೇಕು.

ದಶಮಾಂಶದ ಕೊನೆಯ ಅಂಕೆಗಳ ವ್ಯತ್ಯಾಸಕ್ಕೆ ಟಾಲರೆನ್ಸ್ ಎಂಬ ಮಿತಿ ಕೊಡಬೇಕಾಗುತ್ತದೆ. 32 ಬಿಟ್‌ನ ತೇಲುಬಿಂದು ಸಂಖ್ಯೆ ಸುಮಾರು ಏಳು ಅಂಕೆಗಳವರೆಗೆ ನಂಬಿಕಸ್ಥ. 100 ಮಿಲಿಮೀಟರ್ ಮಳೆಯ ಸುತ್ತ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ 0.0000076 ಮಿಲಿಮೀಟರ್. ಮಳೆಮಾಪಕದ ದಾಖಲೆ ದಶಮಾಂಶದ ಒಂದು ಸ್ಥಾನದವರೆಗೆ ಇರುವುದರಿಂದ 0.001 ಮಿಲಿಮೀಟರ್ ಮಿತಿ ನಮ್ಮ ಕೆಲಸಕ್ಕೆ ಧಾರಾಳ. ಇದನ್ನು ನೇರ ವ್ಯತ್ಯಾಸದ ಮಿತಿಯಾಗಿಯೇ ಕೊಡಬೇಕೆಂಬುದು ನನ್ನ ಒತ್ತಾಯ. ಶೇಕಡಾವಾರು ಮಿತಿ ಕೊಟ್ಟರೆ ಮೊದಲ ಕಡತದ ಬೆಲೆಯಿಂದ ಭಾಗಿಸಬೇಕಾಗುತ್ತದೆ, ನಮ್ಮ ಜನವರಿಯಿಂದ ಮಾರ್ಚಿನವರೆಗಿನ ದಿನಗಳಲ್ಲಿ ಆ ಬೆಲೆ ಬಹುಪಾಲು ಸೊನ್ನೆ. ತಾಳೆ ಬರುವವರೆಗೂ ಮಿತಿಯನ್ನು ಹಿಗ್ಗಿಸುತ್ತ ಹೋಗುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು.

ಊರಿನ ಹೆಸರಿನಲ್ಲಿ ಬಿಂದು ಆರಿಸುವವರಿಗೆ ಈ ಜಿಲ್ಲೆಯಲ್ಲಿ ವಿಶೇಷ ತೊಂದರೆಯಿದೆ. ಕಾಲು ಡಿಗ್ರಿ ಗ್ರಿಡ್‌ನಲ್ಲಿ 14.5 ಮತ್ತು 14.75ರ ನಡುವಿನ ಗಡಿ 14.625. ಶಿರಸಿಯ ಅಕ್ಷಾಂಶ ಸುಮಾರು 14.62. ಒಬ್ಬರು 14.62 ಎಂದು ಬರೆದರೆ ಹತ್ತಿರದ ಬಿಂದು 14.5, ಇನ್ನೊಬ್ಬರು 14.63 ಎಂದು ಬರೆದರೆ 14.75, ಮಾರ್ಕೆಟಿನಿಂದ ಊರಿನ ಇನ್ನೊಂದು ಬದಿಗೆ ನಡೆದಷ್ಟು ಅಂತರಕ್ಕೆ ಮಳೆಯ ಸರಣಿಯೇ ಬೇರೆಯಾಗುತ್ತದೆ. ಕಾರವಾರದ ರೇಖಾಂಶ ಸುಮಾರು 74.13, ಅಲ್ಲಿನ ಗಡಿ 74.125. ಅದನ್ನು 74.12 ಎಂದು ಬರೆದರೆ ಬಿಂದು 74ಕ್ಕೆ, ಎಂದರೆ ಅರಬ್ಬೀ ಸಮುದ್ರದ ಮೇಲೆ ಹೋಗಿ ಬೀಳುತ್ತದೆ. ಆದ್ದರಿಂದ ಊರಿನ ನಿರ್ದೇಶಾಂಕವನ್ನಲ್ಲ, ಆರಿಸಿದ ಬಿಂದುವಿನ ನಿರ್ದೇಶಾಂಕವನ್ನೇ ಕಡತದ ಜೊತೆ ಬರೆದುಕೊಡಬೇಕು.

ಲಕ್ಷಣ ಮೂರು: ವ್ಯತ್ಯಾಸವೇ ಇಲ್ಲ, ಆದರೂ ಕಡತ ತಪ್ಪು

ಇಷ್ಟೆಲ್ಲ ಸರಿಪಡಿಸಿದ ಮೇಲೆ ಎನ್‌ಸಿಸಿಎಂಪಿಯನ್ನು ಹೈಫನ್ ಡಿ ಆಯ್ಕೆಯೊಂದಿಗೆ, ಅಂದರೆ ಬೆಲೆಗಳನ್ನು ಮಾತ್ರ ಹೋಲಿಸು ಎಂಬ ಆಜ್ಞೆಯೊಂದಿಗೆ ಓಡಿಸಿದೆವು. ಅದು ಏನನ್ನೂ ಹೇಳದೆ ಮುಗಿಯಿತು, ಎಂದರೆ ವ್ಯತ್ಯಾಸವಿಲ್ಲ. ಮಳೆಯೂ ಒಂದೇ, ಅಕ್ಷಾಂಶ ರೇಖಾಂಶಗಳೂ ಒಂದೇ, ಕಾಲದ ಅಕ್ಷದ ಸಂಖ್ಯೆಗಳೂ ಒಂದೇ. ಕೆಲಸ ಮುಗಿಯಿತೆಂದು ನಾನು ಶಿರಸಿಗೆ ಫೋನು ಮಾಡಿ ಹೇಳಿದೆ. ಅವರು ಒಪ್ಪಲಿಲ್ಲ. “ನೀವು ಜುಲೈ ಹದಿನಾರನೇ ತಾರೀಕಿನ ಮಳೆ ಓದಿ ಹೇಳಿ, ನಾನೂ ಓದ್ತೇನೆ” ಎಂದರು. ಇಬ್ಬರೂ ಓದಿದೆವು. ಎರಡು ಬೇರೆ ಸಂಖ್ಯೆಗಳು ಬಂದವು.

ಕಾರಣ ತಿಳಿಯಲು ಕಾಲದ ಅಕ್ಷವನ್ನು ನೆಟ್‌ಸಿಡಿಎಫ್ ಹೇಗೆ ಬರೆಯುತ್ತದೆ ಎಂಬುದನ್ನು ನೋಡಬೇಕು. ಅದು ದಿನಾಂಕವನ್ನು ದಿನಾಂಕವಾಗಿ ಇಡುವುದಿಲ್ಲ. ಒಂದು ಆಧಾರ ದಿನದಿಂದ ಎಷ್ಟು ದಿನ ಕಳೆಯಿತು ಎಂಬ ಸಂಖ್ಯೆಯನ್ನು ಇಡುತ್ತದೆ, ಆಧಾರ ದಿನ ಯಾವುದೆಂಬುದು ಯುನಿಟ್ಸ್ ಎಂಬ ಆಟ್ರಿಬ್ಯೂಟ್‌ನಲ್ಲಿ ಒಂದು ವಾಕ್ಯವಾಗಿ ಇರುತ್ತದೆ. ಶಿರಸಿಯ ಕಡತದಲ್ಲಿ ಆಧಾರ ದಿನ 2023ರ ಡಿಸೆಂಬರ್ 31, ಸಂಖ್ಯೆಗಳು 1ರಿಂದ 366. ನನ್ನ ಕಡತದಲ್ಲಿ ಆಧಾರ ದಿನ 2024ರ ಜನವರಿ 1, ಸಂಖ್ಯೆಗಳು ಅವೇ 1ರಿಂದ 366. ಜನವರಿ 1ರಿಂದ ಒಂದು ದಿನ ಕಳೆದರೆ ಜನವರಿ 2. ನನ್ನ ಸ್ಕ್ರಿಪ್ಟ್ ಸೊನ್ನೆಯಿಂದ ಎಣಿಸಬೇಕಿತ್ತು, ಒಂದರಿಂದ ಎಣಿಸಿತ್ತು. ಹೀಗಾಗಿ ನನ್ನ ಕಡತದಲ್ಲಿ ಜುಲೈ 16ರ ಮಳೆ ಜುಲೈ 17 ಎಂಬ ದಿನಾಂಕದ ಕೆಳಗೆ ಹೋಗಿ ಕುಳಿತಿತ್ತು, ಜುಲೈ 16ರ ಜಾಗದಲ್ಲಿ 15ರದ್ದು ಇತ್ತು.

ಸಾಧನ ಸುಳ್ಳು ಹೇಳಲಿಲ್ಲ. ಬೆಲೆಗಳನ್ನು ಹೋಲಿಸು ಎಂದು ಕೇಳಿದ್ದೆವು, ಬೆಲೆಗಳು ಒಂದೇ ಇದ್ದವು. ದೋಷ ಅಡಗಿದ್ದುದು ಒಂದು ವಾಕ್ಯದಲ್ಲಿ, ಆ ವಾಕ್ಯವನ್ನು ನೋಡು ಎಂದು ನಾವು ಹೇಳಿರಲಿಲ್ಲ. ಹೈಫನ್ ಡಿ ಜೊತೆಗೆ ಹೈಫನ್ ಎಂ ಕೊಟ್ಟಿದ್ದರೆ ಆಟ್ರಿಬ್ಯೂಟ್‌ಗಳೂ ಹೋಲಿಕೆಗೆ ಬರುತ್ತಿದ್ದವು. ಅದರ ಜೊತೆಗೆ ಹೈಫನ್ ಎಫ್ ಸಹ ಬೇಕು. ಅದಿಲ್ಲದಿದ್ದರೆ ಎನ್‌ಸಿಸಿಎಂಪಿ ಮೊದಲ ವ್ಯತ್ಯಾಸ ಸಿಕ್ಕೊಡನೆ ನಿಂತುಬಿಡುತ್ತದೆ, ಆ ಮೊದಲನೆಯದು ಯಾವುದೋ ವಿವರಣೆಯ ಸಾಲಿನ ಕಾಗುಣಿತವಾಗಿದ್ದರೆ ಕಾಲದ ವ್ಯತ್ಯಾಸದವರೆಗೆ ಅದು ಹೋಗುವುದೇ ಇಲ್ಲ. ಎಚ್‌ಫೈವ್‌ಡಿಫ್‌ನಲ್ಲೂ ಇದೇ ಅಪಾಯ ಇನ್ನೊಂದು ರೀತಿಯಲ್ಲಿದೆ. ಇಡೀ ಕಡತ ಹೋಲಿಸಿದರೆ ಅದು ಆಟ್ರಿಬ್ಯೂಟ್‌ಗಳನ್ನೂ ನೋಡುತ್ತದೆ, ಆದರೆ ಮಳೆಯ ವೇರಿಯೇಬಲ್‌ನ ಹೆಸರನ್ನಷ್ಟೇ ಕೊಟ್ಟರೆ ಕಾಲದ ಅಕ್ಷದ ಕಡೆಗೆ ತಿರುಗಿಯೂ ನೋಡುವುದಿಲ್ಲ. ವರದಿ ಚಿಕ್ಕದಾಗಲಿ ಎಂಬ ಆಸೆಯಿಂದ ನಾವೆಲ್ಲ ಮಾಡುವುದು ಅದನ್ನೇ.

ಇದಕ್ಕೆ ಬಹಳ ಸರಳವಾದ ಪರೀಕ್ಷೆಯಿದೆ. ಸಿಡಿಒದ ಶೋಡೇಟ್ ಕಮಾಂಡ್ ದಿನಾಂಕಗಳನ್ನು ದಿನಾಂಕಗಳಾಗಿಯೇ ಮುದ್ರಿಸುತ್ತದೆ. ಎನ್‌ಸಿಡಂಪ್‌ನ ಹೈಫನ್ ಟಿ ಆಯ್ಕೆಯೂ ಹಾಗೆಯೇ. ಮೊದಲ ಮತ್ತು ಕೊನೆಯ ದಿನಾಂಕ ನೋಡಿದರೆ ಸಾಕು. ನನ್ನ 2024ರ ಕಡತದ ಕೊನೆಯ ದಿನ 2025ರ ಜನವರಿ 1 ಆಗಿತ್ತು. ವರ್ಷದ ಕಡತದಲ್ಲಿ ಮುಂದಿನ ವರ್ಷದ ದಿನ ಕಂಡರೆ ಮುಂದೆ ಯಾವ ಹೋಲಿಕೆಗೂ ಹೋಗಬೇಕಿಲ್ಲ.

ಸರಿಪಡಿಸಲು ಸಂಖ್ಯೆಗಳನ್ನು ಮುಟ್ಟಲಿಲ್ಲ. ಎನ್‌ಸಿಒದ ಎನ್‌ಸಿಅಟೆಡ್ ಸಾಧನದಿಂದ ಯುನಿಟ್ಸ್ ವಾಕ್ಯದ ಆಧಾರ ದಿನವನ್ನು ಒಂದು ದಿನ ಹಿಂದಕ್ಕೆ ಬದಲಾಯಿಸಿದೆ, ಸ್ಕ್ರಿಪ್ಟ್‌ನಲ್ಲೂ ಅದೇ ತಿದ್ದುಪಡಿ ಮಾಡಿ ಕಡತವನ್ನು ಮೂಲದಿಂದ ಮತ್ತೊಮ್ಮೆ ತಯಾರಿಸಿದೆ. ತಿದ್ದಿದ ಕಡತವನ್ನೂ ಹೊಸದಾಗಿ ತಯಾರಿಸಿದ ಕಡತವನ್ನೂ ಶಿರಸಿಯದರ ಎದುರು ಬೇರೆಬೇರೆಯಾಗಿ, ಬೆಲೆ ಮತ್ತು ಆಟ್ರಿಬ್ಯೂಟ್ ಎರಡನ್ನೂ ಸೇರಿಸಿ ಹೋಲಿಸಿದಾಗ ಉಳಿದದ್ದು ವಿವರಣೆಯ ಒಂದೆರಡು ಸಾಲುಗಳ ವ್ಯತ್ಯಾಸ ಮಾತ್ರ. ಅದೇ ತಪ್ಪು ಸ್ಕ್ರಿಪ್ಟ್‌ನಿಂದ ಹಿಂದಿನ ವರ್ಷಗಳ ಕಡತಗಳನ್ನೂ ನಾನು ತಯಾರಿಸಿದ್ದೆ. ಅವೆಲ್ಲವೂ ಒಂದು ದಿನ ಮುಂದಿದ್ದವು. ಅವನ್ನು ಪಡೆದಿದ್ದವರಿಗೆ ಒಬ್ಬೊಬ್ಬರಿಗೂ ಬರೆದು, ಹಳೆಯ ಕಡತ ಅಳಿಸಿ ಹೊಸದನ್ನು ಇಟ್ಟುಕೊಳ್ಳುವಂತೆ ಕೋರಿದೆ. ಹೊಸ ಕಡತದ ಜೊತೆಗೆ ಅದರ ಮೊದಲ ದಿನಾಂಕ, ಕೊನೆಯ ದಿನಾಂಕ ಮತ್ತು ಜುಲೈ 16ರಂದು ಒಂದು ಗೊತ್ತಾದ ಬಿಂದುವಿನಲ್ಲಿ ಇರಬೇಕಾದ ಬೆಲೆಯನ್ನು ಬರೆದು ಕಳುಹಿಸಿದೆ, ಅವರೂ ತಮ್ಮ ಕಂಪ್ಯೂಟರಿನಲ್ಲಿ ಓದಿ ನೋಡಲಿ ಎಂದು.